ಬೇಲಿಯ ಆಚೆ ನಿಂತ ಹುಂಜ: ಮೊದಲ ಕಾಡು ಟರ್ಕಿ ಬೇಟೆಯ ಒಂದು ಪ್ರಕರಣ

ಎರಡು ವಸಂತ, ಹನ್ನೊಂದು ಬೆಳಗು, ಒಂದು ಹಕ್ಕಿ. ಈ ಪ್ರಕರಣದ ಲೆಕ್ಕ ಇಷ್ಟೇ. ಅಮೆರಿಕದ ಮಿಸ್ಸೌರಿ ರಾಜ್ಯದ ಉತ್ತರ ಭಾಗದಲ್ಲಿ, 2024 ಮತ್ತು 2025ರ ಬೇಟೆ ಸೀಸನ್‌ನಲ್ಲಿ ನಡೆದದ್ದು. ಬೇಟೆಗಾರ್ತಿಯನ್ನು ಇಲ್ಲಿ ಸುಮಾ ಎನ್ನುತ್ತೇನೆ. ಅದು ಅವರ ಹೆಸರಲ್ಲ. ಊರು, ಜಮೀನು, ಜಮೀನಿನ ಯಜಮಾನರು, ಯಾವುದರ ಗುರುತೂ ಇಲ್ಲಿಲ್ಲ. ಹನ್ನೊಂದು ಬೆಳಗೂ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ನನಗೆ ಟರ್ಕಿ ಬೇಟೆಯಲ್ಲಿ ಹಲವು ವರ್ಷದ ಅನುಭವ ಇದೆ, ಹಾಗಾಗಿ ಹೇಳಿಕೊಡುವ ಕೆಲಸ ನನ್ನದು ಎಂದು ಒಪ್ಪಂದವಾಗಿತ್ತು. ಆದರೆ ಕೊನೆಯ ದಿನ ಹಕ್ಕಿ ಸಿಕ್ಕಿದ್ದು ನನ್ನ ಲೆಕ್ಕಾಚಾರದಿಂದ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಸುಮಾ ಮಲೆನಾಡಿನವರು. ವಯಸ್ಸು ನಲವತ್ತರ ಹತ್ತಿರ. ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅವರ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತಂತೆ. ತೋಟಕ್ಕೆ ಬರುವ ಮಂಗ ಓಡಿಸುವಾಗ ಮಾತ್ರ ಅದು ಸದ್ದು ಮಾಡುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಆದ ಮೇಲೆ ಹುಟ್ಟಿದ ನಮಗೆ ಶಿಕಾರಿ ಅಂದರೆ ಹಿರಿಯರು ಹೇಳಿದ ಕಥೆ, ಅಷ್ಟೇ ಅಲ್ವಾ. ಕೈಯಲ್ಲಿ ಹಿಡಿದು ಕಲಿತದ್ದು ಏನೂ ಇಲ್ಲ.

ಇಲ್ಲಿಯ ಚರಿತ್ರೆ ಬೇರೆ. ಮಿತಿಯಿಲ್ಲದ ಬೇಟೆ ಮತ್ತು ಕಾಡು ಕಡಿದದ್ದರಿಂದ ಮಿಸ್ಸೌರಿಯಲ್ಲಿ ಕಾಡು ಟರ್ಕಿ ಹೆಚ್ಚುಕಡಿಮೆ ಮುಗಿದೇಹೋಗಿತ್ತು. 1950ರ ದಶಕದ ಆರಂಭದಲ್ಲಿ ಇಡೀ ರಾಜ್ಯದಲ್ಲಿ ಉಳಿದಿದ್ದು 2,500ಕ್ಕಿಂತ ಕಡಿಮೆ. ಗೂಡಿನಲ್ಲಿ ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಅವು ಬದುಕಲಿಲ್ಲ. ಆಮೇಲೆ ಉಳಿದ ಕಾಡು ಹಕ್ಕಿಗಳನ್ನೇ ಬಲೆ ಹಾಕಿ ಹಿಡಿದು, ಖಾಲಿಯಾದ ಕಾಡುಗಳಿಗೆ ಸಾಗಿಸಿದರು. ಅದು ಫಲಿಸಿತು. 1960ರಲ್ಲಿ ಮತ್ತೆ ವಸಂತದ ಬೇಟೆಗೆ ಅವಕಾಶ ಕೊಟ್ಟಾಗ ಸಿಕ್ಕಿದ್ದು 94 ಹಕ್ಕಿ. ಈಗ ಎಲ್ಲ ಜಿಲ್ಲೆಗಳಲ್ಲೂ ಇವೆ. ಕೋವಿ ಮತ್ತು ತೋಟೆಗಳ ಮೇಲೆ 1937ರ ಕೇಂದ್ರ ಕಾಯ್ದೆಯ ಪ್ರಕಾರ ವಿಶೇಷ ತೆರಿಗೆ ಇದೆ. ಆ ಹಣ ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ಈ ವಿಷಯ ತಿಳಿದ ಮೇಲೆಯೇ ಸುಮಾ ಬೇಟೆಗೆ ಮನಸ್ಸು ಮಾಡಿದ್ದು. ಮಾಂಸ ತಿನ್ನುವವರು ಒಮ್ಮೆಯಾದರೂ ಅದರ ಪೂರ್ತಿ ದಾರಿ ನಡೆದು ನೋಡಬೇಕು ಎನ್ನುವುದು ಅವರ ಮಾತು.

ಇಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಸುಮಾ ಹತ್ತಿರ ಗ್ರೀನ್ ಕಾರ್ಡ್ ಇತ್ತು. ಕೆಲಸದ ವೀಸಾದಲ್ಲಿ ಇರುವವರಿಗೆ ಕೋವಿಯ ವಿಷಯದಲ್ಲಿ ಕೇಂದ್ರ ಕಾನೂನು ತುಂಬ ಬಿಗಿ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದ್ದರೂ, ವಕೀಲರನ್ನು ಕೇಳದೆ ಕೋವಿ ಮುಟ್ಟಲು ಹೋಗಬೇಡಿ. ಸುಮಾ ಬೇಟೆಗಾರರ ಸುರಕ್ಷತೆಯ ಕೋರ್ಸ್ ಮುಗಿಸಿ, ಪರವಾನಗಿ ಕೊಂಡು, ದನ ಸಾಕುವ ಒಬ್ಬ ಹಿರಿಯ ರೈತರ ಮನೆಗೆ ಹೋಗಿ ಅನುಮತಿ ಕೇಳಿದರು. ಆತ ಕೇಳಿದ ಒಂದೇ ಪ್ರಶ್ನೆ: "ಗೇಟು ಹಾಕಿಕೊಂಡು ಹೋಗ್ತೀರಾ?"

ಸಮಸ್ಯೆ ಎಲ್ಲಿದೆ

ಅಂಗಡಿಯಲ್ಲಿ ಸಿಗುವ ದಪ್ಪ ಎದೆಯ ಬಿಳಿ ಟರ್ಕಿಯನ್ನು ಮರೆತುಬಿಡಿ. ಕಾಡು ಟರ್ಕಿ ರಾತ್ರಿ ಎತ್ತರದ ಮರ ಹತ್ತಿ ಕೂರುತ್ತದೆ, ಹಾರುತ್ತದೆ, ಕುದುರೆಯಂತೆ ಓಡುತ್ತದೆ. ಮೂಗು ಅಷ್ಟಕ್ಕಷ್ಟೆ. ಆದರೆ ಅದರ ಕಣ್ಣು ನಮ್ಮ ಕಣ್ಣಿಗಿಂತ ಎಷ್ಟೋ ಚುರುಕು. ಬಣ್ಣ ಕಾಣುತ್ತದೆ, ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ನೀವು ರೆಪ್ಪೆ ಬಡಿದರೆ ಪರವಾಗಿಲ್ಲ, ಬೆರಳು ಅಲ್ಲಾಡಿಸಿದರೆ ಕೆಲಸ ಕೆಟ್ಟಿತು.

ವಸಂತದಲ್ಲಿ ಗಂಡು ಹಕ್ಕಿಗೆ ಮಾತ್ರ ಬೇಟೆ, ಅಪರೂಪಕ್ಕೆ ಗಡ್ಡ ಇರುವ ಹ್ಯಾಟೆಗೂ ಕಾನೂನಿನ ಅವಕಾಶ ಇದೆ. ಗಡ್ಡ ಎಂದರೆ ಎದೆಯಿಂದ ಇಳಿಬಿದ್ದ, ಕುದುರೆ ಕೂದಲಿನಂಥ ಗರಿಯ ಕುಚ್ಚು. ಬೇಟೆಗಾರರು ಹ್ಯಾಟೆಯ ದನಿ ತೆಗೆದು ಹುಂಜವನ್ನು ಹತ್ತಿರಕ್ಕೆ ಕರೆಯುತ್ತಾರೆ. ಇದು ಕೇಳಲು ಸುಲಭ. ತೊಡಕು ಇರುವುದೂ ಇಲ್ಲೇ. ಈ ಹಕ್ಕಿಗಳ ಪದ್ಧತಿಯಲ್ಲಿ ಹುಂಜ ನಿಂತಲ್ಲೇ ನಿಂತು ಗಾಬಲ್ ಎಂದು ಕೂಗುತ್ತದೆ, ಹ್ಯಾಟೆ ಅದರ ಬಳಿಗೆ ನಡೆದು ಹೋಗುತ್ತದೆ. ನಾವು ಹ್ಯಾಟೆಯಂತೆ ಕೂಗಿ 'ನೀನೇ ಬಾ' ಎನ್ನುತ್ತೇವೆ. ಹುಂಜ ಅರ್ಧ ದಾರಿ ಬಂದು ನಿಲ್ಲುತ್ತದೆ. ನಿಂತ ಜಾಗದಲ್ಲಿ ಬಾಲ ಬೀಸಣಿಗೆಯಂತೆ ಬಿಚ್ಚಿ ತಿರುಗುತ್ತದೆ. ಅದರ ಪಾಲಿಗೆ ಅದು ಮಾಡಬೇಕಾದ್ದನ್ನು ಮಾಡಿದೆ. ಇನ್ನು ಬರಬೇಕಾದ್ದು ಹ್ಯಾಟೆ. ಕೋವಿಯ ಚರೆ, ಅಂದರೆ ಒಂದೇ ತೋಟೆಯಿಂದ ಹರಡಿ ಹೋಗುವ ಸಣ್ಣ ಗುಂಡುಗಳು, ನಂಬಿಕೆಯಿಂದ ಮುಟ್ಟುವುದು 40 ಗಜ. ಅದು ನಿಲ್ಲುವುದು 60, 70 ಗಜದಲ್ಲಿ.

ಮೊದಲ ಸೀಸನ್

ಐದು ಬೆಳಗು ಹೋದೆವು. ಮೊದಲನೆಯ ದಿನ ನಾನು ಕೂಗಿದ್ದು ಜಾಸ್ತಿಯಾಯಿತು. ಮರದ ಮೇಲಿನ ಹುಂಜ ಪ್ರತಿ ಸಲ ಉತ್ತರ ಕೊಡುತ್ತಿತ್ತು, ನನಗೂ ಹುರುಪು ಬಂತು. ಇಳಿದದ್ದೇ ಬೇರೆ ದಿಕ್ಕಿಗೆ ಹೋಯಿತು. ಎರಡನೆಯ ದಿನ ಸುಮಾ ಕುತ್ತಿಗೆಯ ಮೇಲೆ ಹರಿಯುತ್ತಿದ್ದ ಉಣ್ಣೆ ಹುಳುವನ್ನು ಕೈಯಿಂದ ತೆಗೆದರು. ಎಲ್ಲಿತ್ತೋ ಏನೋ ಒಂದು ಹ್ಯಾಟೆ, 'ಪಟ್' ಎಂದು ಎಚ್ಚರಿಸಿತು. ಕಾಡು ಖಾಲಿ. (ಇಲ್ಲಿನ ಉಣ್ಣೆ ಸಣ್ಣ ವಿಷಯ ಅಲ್ಲ. ಒಂದು ಜಾತಿಯ ಉಣ್ಣೆ ಕಚ್ಚಿದರೆ ಕುರಿ, ದನ, ಹಂದಿಯ ಮಾಂಸ ಮೈಗೆ ಒಗ್ಗದ ಅಲರ್ಜಿ ಬರಬಹುದು. ಬಟ್ಟೆಗೆ ಪರ್ಮೆಥ್ರಿನ್ ಸಿಂಪಡಿಸದೆ ಕಾಡಿಗೆ ಕಾಲಿಡಬೇಡಿ.)

ನಾಲ್ಕನೆಯ ಬೆಳಗಿನದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆರು ಎಳೆ ಹುಂಜಗಳು ಒಟ್ಟಾಗಿ 20 ಗಜಕ್ಕೆ ಬಂದವು. ಎಳೆಯದಕ್ಕೂ ಕಾನೂನಿನ ಅಡ್ಡಿ ಇಲ್ಲ. ಸುಮಾ ಕೋವಿ ಎತ್ತಿದ್ದರು, ಸೇಫ್ಟಿ ತೆಗೆದಿದ್ದರು. ಒಂದು ನಿಮಿಷ, ಎರಡು ನಿಮಿಷ. ಈಡು ಆಗಲಿಲ್ಲ. ಹಕ್ಕಿಗಳು ಮೇಯುತ್ತಾ ದಾಟಿ ಹೋದವು. ಆಮೇಲೆ ಕೇಳಿದೆ. "ಒಂದರ ತಲೆ ಹಿಂದೆ ಇನ್ನೊಂದರ ತಲೆ ಇತ್ತು ಅಣ್ಣ. ಒಂದೂ ಬಿಡಿಯಾಗಿ ನಿಲ್ಲಲಿಲ್ಲ" ಎಂದರು. ಚರೆ ಹರಡುತ್ತದೆ, ಒಂದಕ್ಕೆ ಹೊಡೆದರೆ ಇನ್ನೆರಡು ಗಾಯಗೊಂಡು ಹೋಗಿ ಎಲ್ಲೋ ಸಾಯುತ್ತವೆ. ಮೊದಲ ಹಕ್ಕಿಗಾಗಿ ಕಾಯುತ್ತಿರುವವರು ಅಷ್ಟು ಹತ್ತಿರದಲ್ಲಿ ಬೆರಳು ತಡೆದು ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಸೀಸನ್‌ನ ಒಳ್ಳೆಯ ತೀರ್ಮಾನ ಅದೇ.

ಐದನೆಯ ದಿನ ದೊಡ್ಡ ಹುಂಜ ಬಂತು. ಸುಮಾರು 30 ಗಜ. ಈಡು ಹೊಡೆದರು, ಹಕ್ಕಿ ಹಾರಿಹೋಯಿತು. ಒಂದು ಗಂಟೆಗೂ ಜಾಸ್ತಿ ಹುಡುಕಿದೆವು. ಒಂದು ಗರಿ ಇಲ್ಲ, ಒಂದು ಹನಿ ರಕ್ತ ಇಲ್ಲ. ಗುರಿ ಪೂರ್ತಿ ತಪ್ಪಿತ್ತು. ತಪ್ಪಿದ್ದಕ್ಕಿಂತ ಗಾಯ ಆಗಿಲ್ಲ ಎನ್ನುವುದು ಗೊತ್ತಾದ ಮೇಲೆ ಅವರ ಮುಖಕ್ಕೆ ಬಣ್ಣ ಬಂತು.

ನಡುವಿನ ಹತ್ತು ತಿಂಗಳು

ಜೂನ್‌ನಲ್ಲಿ ಗುರಿ ಅಭ್ಯಾಸದ ಜಾಗಕ್ಕೆ ಹೋಗಿ 40 ಗಜದಲ್ಲಿ ದೊಡ್ಡ ಕಾಗದ ನಿಲ್ಲಿಸಿದೆವು. ಮಧ್ಯೆ 10 ಇಂಚಿನ ವೃತ್ತ. ಈ ವೃತ್ತದೊಳಗೆ ನೂರು ಚರೆ ಬಿದ್ದರೆ ಆ ದೂರಕ್ಕೆ ಕೋವಿಯನ್ನು ನಂಬಬಹುದು ಎನ್ನುವುದು ಟರ್ಕಿ ಬೇಟೆಗಾರರ ಲೆಕ್ಕ. ಸುಮಾ ಅವರ 20 ಗೇಜ್ ಕೋವಿಯ ಚರೆಗಳ ಗುಂಪು ಚೆನ್ನಾಗಿಯೇ ಇತ್ತು, ಆದರೆ ವೃತ್ತದ ಮೇಲಕ್ಕೆ ಬಿದ್ದಿತ್ತು. ಇನ್ನೊಂದು ಹೊಡೆಸಿ ಪಕ್ಕದಿಂದ ನೋಡಿದೆ. ಟ್ರಿಗರ್ ಒತ್ತುವ ಗಳಿಗೆಯಲ್ಲಿ ಕೆನ್ನೆ ಕೋವಿಯ ಹಿಡಿಯಿಂದ ಮೇಲೇಳುತ್ತಿತ್ತು. ಹಕ್ಕಿ ಬಿತ್ತಾ ಎಂದು ನೋಡುವ ಆತುರ. ಕಣ್ಣು ಎದ್ದರೆ ಈಡೂ ಏಳುತ್ತದೆ.

ಈ ಕಾಗದದ ಕೆಲಸವನ್ನು ಸೀಸನ್‌ಗೆ ಮುಂಚೆಯೇ ಮಾಡಿಸಬೇಕಿತ್ತು. ತೋಟೆಯ ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಬಿಟ್ಟದ್ದು ನನ್ನ ತಪ್ಪು. ಕೋವಿಗೆ ಕೆಂಪು ಚುಕ್ಕೆಯ ಸೈಟ್ ಹಾಕಿಸಿದರು, ಕೆನ್ನೆ ಒತ್ತಿ ಹಿಡಿಯುವುದನ್ನು ಮನೆಯಲ್ಲಿ ಖಾಲಿ ಕೋವಿಯಲ್ಲಿ ದಿನಾ ಅಭ್ಯಾಸ ಮಾಡಿದರು.

ಮಾರ್ಚ್ ಬಂದಾಗ ಸುಮಾ ಕೋವಿ ಇಲ್ಲದೆ ಜಮೀನಿಗೆ ಹೋಗಲು ಶುರು ಮಾಡಿದರು. ನಾನು ಹೇಳಿರಲಿಲ್ಲ. ಹೋಗಿ ಸುಮ್ನೆ ಕೂರುವುದು. ಯಾವ ಓಕ್ ಮರದ ಕೆಳಗೆ ಹಿಕ್ಕೆ ಬಿದ್ದಿದೆ ನೋಡುವುದು. ಹುಂಜದ ಹಿಕ್ಕೆ ಕೊಕ್ಕೆಯ ಹಾಗೆ ಬಾಗಿರುತ್ತದೆ, ಹ್ಯಾಟೆಯದ್ದು ಸುರುಳಿ. ಮಣ್ಣಿನಲ್ಲಿ ಹೊರಳಾಡಿದ ಗುಳಿ ಎಲ್ಲಿದೆ, ಬೇಲಿಯ ಯಾವ ತಂತಿಗೆ ಗರಿ ಸಿಕ್ಕಿಕೊಂಡಿದೆ. ಒಂದು ಸಣ್ಣ ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಡುತ್ತಿದ್ದರು. ಲ್ಯಾಬಿನ ಅಭ್ಯಾಸ ಇರಬೇಕು.

ಎರಡನೆಯ ಸೀಸನ್, ಮತ್ತು ಬೇಲಿ

2025ರ ಏಪ್ರಿಲ್ 21ಕ್ಕೆ ಸೀಸನ್ ಶುರುವಾಯಿತು. ಜಮೀನಿನ ಚಿತ್ರ ಹೀಗೆ: ಪೂರ್ವಕ್ಕೆ ಹಳ್ಳ, ಹಳ್ಳದ ದಂಡೆಯಲ್ಲಿ ಓಕ್ ಮರಗಳು, ಅಲ್ಲಿ ಹಕ್ಕಿಗಳು ರಾತ್ರಿ ಕೂರುತ್ತವೆ. ಅದರಿಂದ ಪಶ್ಚಿಮಕ್ಕೆ ದನ ಮೇಯುವ ಹುಲ್ಲುಗಾವಲು. ಹುಲ್ಲುಗಾವಲು ಮುಗಿಯುವಲ್ಲಿ ಮುಳ್ಳುತಂತಿಯ ಬೇಲಿ, ಬೇಲಿಯ ಆಚೆ ಸಣ್ಣ ಕಾಡು. ನಾವು ಕೂರುತ್ತಿದ್ದದ್ದು ಆ ಕಾಡಿನಲ್ಲಿ, ಬೇಲಿಯಿಂದ 70 ಗಜ ಒಳಗೆ.

ಒಂದು ದೊಡ್ಡ ಹುಂಜ ಇತ್ತು. ಅದರ ಜೊತೆ ನಾಲ್ಕು ಹ್ಯಾಟೆ. ನಸುಕಿನಲ್ಲಿ ಕೂಗುತ್ತಿತ್ತು, ಮರದಿಂದ ಇಳಿಯುತ್ತಿತ್ತು, ಹ್ಯಾಟೆಗಳ ಹಿಂದೆ ಹುಲ್ಲುಗಾವಲಿನಲ್ಲಿ ತಿರುಗುತ್ತಿತ್ತು. ನಾನು ಕೂಗಿದಾಗ ಎರಡು ಸಲ ಬೇಲಿಯವರೆಗೆ ಬಂತು. ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆದು ವಾಪಸ್ ಹೋಯಿತು. ಅಷ್ಟು ದೊಡ್ಡ ಹಕ್ಕಿ, ರೆಕ್ಕೆ ಬಡಿದರೆ ಒಂದು ನೆಗೆತ. ಆದರೂ ದಾಟುವುದಿಲ್ಲ. ಟರ್ಕಿಗಳು ಹಾಗೆ. ಬೇಲಿ, ಹಳ್ಳ, ದಟ್ಟ ಪೊದೆ, ಏನಾದರೂ ಅಡ್ಡ ಬಂದರೆ ಅದೇ ನೆಪ ಸಾಕು.

ಪ್ರತಿ ದಿನ ಎಂಟೂಮುಕ್ಕಾಲು, ಒಂಬತ್ತರ ಹೊತ್ತಿಗೆ ಕಾಡು ಮೌನವಾಗುತ್ತಿತ್ತು. ನಾವು ಎದ್ದು ಬರುತ್ತಿದ್ದೆವು. ನಾಲ್ಕು ಬೆಳಗು ಹೀಗೇ ಹೋಯಿತು. ಹುಂಜದ ರಾತ್ರಿಮರಕ್ಕೆ ಇನ್ನೂ ಹತ್ತಿರ ಹೋಗಿ ಕೂರಬೇಕು, ಇಳಿದ ಕೂಡಲೇ ಹೊಡೆಯುವಂತಿರಬೇಕು ಎನ್ನುವುದು ನನ್ನ ವಾದ. ಐದನೆಯ ದಿನ ಹಾಗೆ ಮಾಡಿದೆವು. ಕತ್ತಲಲ್ಲಿ ನಡೆಯುವಾಗ ಒಣ ಕಡ್ಡಿ ಮುರಿಯಿತು, ಹಕ್ಕಿಗಳು ಇಳಿಯದೆ ಹಾರಿಹೋದವು.

ಅವತ್ತು ವಾಪಸ್ ಬರುವಾಗ ಸುಮಾ ಪುಸ್ತಕ ತೆಗೆದರು. ವಾರದ ನಡುವೆ ಎರಡು ದಿನ ರಜೆ ಹಾಕಿ, ಕೋವಿ ಇಲ್ಲದೆ, ಎತ್ತರದ ದಾರಿಯಲ್ಲಿ ಕಾರು ನಿಲ್ಲಿಸಿಕೊಂಡು ದುರ್ಬೀನಿನಲ್ಲಿ ನೋಡಿದ್ದರು. ನಾವು ಎದ್ದು ಬರುವ ಹೊತ್ತಿನ ನಂತರ ಏನಾಗುತ್ತದೆ ಎನ್ನುವುದೇ ಅವರ ಪ್ರಶ್ನೆ. ಬರೆದದ್ದು ಇಷ್ಟು: ಒಂಬತ್ತರಿಂದ ಒಂಬತ್ತೂವರೆಯೊಳಗೆ ಹ್ಯಾಟೆಗಳು ಒಂದೊಂದಾಗಿ ಎತ್ತರದ ಹುಲ್ಲಿನೊಳಗೆ ಮರೆಯಾಗುತ್ತವೆ. ಹುಂಜ ಒಂಟಿ. ಸ್ವಲ್ಪ ಹೊತ್ತು ಕೂಗುತ್ತದೆ. ಆಮೇಲೆ ಬೇಲಿಯ ಗುಂಟ ದಕ್ಷಿಣಕ್ಕೆ ನಡೆದು, ಹಳೆಯ ಗೇಟು ಮುರಿದುಬಿದ್ದ ಸಂದಿನಲ್ಲಿ ನುಗ್ಗಿ ಕಾಡಿಗೆ ಹೋಗುತ್ತದೆ. ಎರಡು ದಿನವೂ ಅದೇ ದಾರಿ.

ಹ್ಯಾಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ, ಆಮೇಲೆ 28 ದಿನ ಕಾವು. ಮೇ ತಿಂಗಳ ಹೊತ್ತಿಗೆ ಅವು ಗೂಡಿಗೆ ಹೋಗಲೇಬೇಕು. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೆ ಇಷ್ಟು ವರ್ಷ ನಸುಕಿನ ಕೂಗು ನನ್ನನ್ನು ಎಳೆದುಕೊಂಡು ಹೋಗಿತ್ತು. 2024ರಿಂದ ಮಿಸ್ಸೌರಿಯ ಖಾಸಗಿ ಜಮೀನಿನಲ್ಲಿ ಸೂರ್ಯ ಮುಳುಗುವವರೆಗೂ ಬೇಟೆಗೆ ಅವಕಾಶ ಇದೆ. ಅದಕ್ಕೆ ಮೊದಲೂ ಮಧ್ಯಾಹ್ನ ಒಂದು ಗಂಟೆವರೆಗೆ ಇತ್ತು. ನಾವು ಒಂಬತ್ತಕ್ಕೇ ಎದ್ದು ಬರುತ್ತಿದ್ದೆವು.

"ಅದನ್ನ ಕರೆದು ಬೇಲಿ ದಾಟಿಸೋದು ಬೇಡ ಅಣ್ಣ. ಅದು ಹೋಗೋ ದಾರೀಲೇ ನಾವು ಕೂರೋಣ" ಎಂದರು.

ಹನ್ನೊಂದನೆಯ ಬೆಳಗು

ಮೇ 3, ಶನಿವಾರ. ನಸುಕಿಗೆ ಹೋಗಲಿಲ್ಲ. ಏಳೂವರೆಗೆ ಹಿಂದಿನಿಂದ ಸುತ್ತು ಹಾಕಿ ಕಾಡಿಗೆ ಇಳಿದು, ಗೇಟಿನ ಸಂದಿನಿಂದ 25 ಗಜ ದೂರದಲ್ಲಿ ಒಂದು ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಮರ ಭುಜಕ್ಕಿಂತ ಅಗಲ ಇರಬೇಕು. ನಮ್ಮ ಆಕಾರ ಮರೆಯಾಗುತ್ತದೆ, ಹಿಂದಿನಿಂದ ಇನ್ನೊಬ್ಬ ಬೇಟೆಗಾರ ತಪ್ಪಿ ಹೊಡೆದರೂ ರಕ್ಷಣೆ. ಮೈಮೇಲೆ ಕೆಂಪು, ಬಿಳಿ, ನೀಲಿ ಏನೂ ಇಲ್ಲ, ಅವು ಹುಂಜದ ತಲೆಯ ಬಣ್ಣ. ಬೊಂಬೆ ಹಕ್ಕಿ ಇಡಲಿಲ್ಲ. ಸುಮಾ ಮೊಣಕಾಲಿನ ಮೇಲೆ ಕೋವಿ ಇಟ್ಟು ಸಂದಿಗೆ ಗುರಿ ಹಿಡಿದು ಕೂತರು.

ಒಂಬತ್ತಕ್ಕೆ ಮೌನ. ನನ್ನ ಕಾಲು ಜೋಮು ಹಿಡಿದಿತ್ತು. ಒಂಬತ್ತೂಕಾಲು. ಏಳೋಣವಾ ಎಂದು ಕಣ್ಣಲ್ಲೇ ಕೇಳಿದೆ. ಅವರು ತಲೆ ಆಡಿಸಲಿಲ್ಲ, ರೆಪ್ಪೆ ಒಮ್ಮೆ ಮುಚ್ಚಿ ತೆರೆದರು, ಅಷ್ಟೇ. ಕೂತೆವು.

ಒಂಬತ್ತು ನಲವತ್ತಕ್ಕೆ ಹುಲ್ಲುಗಾವಲಿನಿಂದ ಒಂದು ಗಾಬಲ್. ಹ್ಯಾಟೆಯ ದನಿ ತೆಗೆಯುವ ಸಲಕರಣೆಯಾದ ಸ್ಲೇಟ್ ಕಾಲ್ ಮೇಲೆ ಕಡ್ಡಿ ಎಳೆದು ಮೂರೇ ಮೂರು ಮೆತ್ತನೆಯ ಕೂಗು ಕೊಟ್ಟೆ. ತಕ್ಷಣ ಉತ್ತರ ಬಂತು. ನನ್ನ ಕೈ ಮತ್ತೆ ಕಡ್ಡಿಗೆ ಹೋಯಿತು. ಸುಮಾ ಎಡಗೈಯ ಒಂದು ಬೆರಳನ್ನು ಒಂದಿಂಚು ಎತ್ತಿದರು. ಬೇಡ. ಕೆಳಗಿಟ್ಟೆ. ಹ್ಯಾಟೆ ಎಲ್ಲಿದೆ ಎನ್ನುವುದು ಹುಂಜಕ್ಕೆ ಗೊತ್ತಾಗಿದೆ, ಇನ್ನು ಅದು ಹುಡುಕಿಕೊಂಡು ಬರಬೇಕಾದರೆ ಹ್ಯಾಟೆ ಮಾತು ನಿಲ್ಲಿಸಬೇಕು.

ಇಪ್ಪತ್ತೈದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸದ್ದು ಬಂತು. ಅದನ್ನು ಕಿವಿಯಲ್ಲಿ ಕೇಳಿದೆ ಎನ್ನುವುದಕ್ಕಿಂತ ಎದೆಯಲ್ಲಿ ಕೇಳಿದೆ ಎನ್ನಬೇಕು. 'ಪ್ಟ್' ಎಂದು ಉಗುಳಿದಂತೆ, ಅದರ ಹಿಂದೆಯೇ ದೂರದಲ್ಲಿ ಯಾರೋ ಬೋರ್‌ವೆಲ್ ಮೋಟರ್ ಹಾಕಿ ತಕ್ಷಣ ಆರಿಸಿದಂತೆ ಗುಂಯ್ ಎನ್ನುವ ಕಂಪನ. ಬಾಲ ಬಿಚ್ಚಿದ ಹುಂಜ ಹತ್ತಿರದಲ್ಲಿದ್ದರೆ ಮಾತ್ರ ಕೇಳುವ ಸದ್ದು ಅದು.

ಪೊದೆಯ ಹಿಂದೆ ಮೊದಲು ಬಾಲದ ಅಂಚು ಕಂಡಿತು. ಎಲ್ಲ ಗರಿಯೂ ಒಂದೇ ಉದ್ದ. ಎಳೆ ಹುಂಜದ್ದಾದರೆ ನಡುವಿನ ಗರಿಗಳು ಉದ್ದ ಇರುತ್ತವೆ. ಇದು ಬಲಿತದ್ದು. ಆಮೇಲೆ ತಲೆ, ನೆತ್ತಿ ಬಿಳಿ, ಕೆನ್ನೆ ನೀಲಿ, ಕುತ್ತಿಗೆಯ ಗಂಟುಗಳು ಕೆಂಪು. 35 ಗಜ. ನಡುವೆ ಕಡ್ಡಿಗಳು ಅಡ್ಡ. ಸುಮಾ ಹೊಡೆಯಲಿಲ್ಲ. ಹಕ್ಕಿ ಸಂದಿಗೆ ಬಂತು, ನಿಂತಿತು, ಕುತ್ತಿಗೆ ಒಳಗೆಳೆದುಕೊಂಡು ಮತ್ತೆ ಬಾಲ ಬಿಚ್ಚಿತು. ಆಗಲೂ ಹೊಡೆಯಲಿಲ್ಲ. ಆ ಭಂಗಿಯಲ್ಲಿ ಕುತ್ತಿಗೆ ಗರಿಯೊಳಗೆ ಮುಚ್ಚಿರುತ್ತದೆ, ಚರೆ ಎದೆಗೆ ಬಿದ್ದರೆ ಗಾಯ ಮಾತ್ರ ಆಗುತ್ತದೆ. ಅದು ಗರಿ ಮಡಚಿ, ಕಾಡಿನೊಳಗೆ ಹ್ಯಾಟೆ ಎಲ್ಲಿ ಎಂದು ಕತ್ತು ಉದ್ದ ಮಾಡಿ ನೋಡಿತು. ಗಡ್ಡ ಎದೆಯ ಮೇಲೆ ಸ್ಪಷ್ಟ. ಹಿಂದೆ ಬೇರೆ ಹಕ್ಕಿ ಇಲ್ಲ. ನಾನು ಹಕ್ಕಿಯನ್ನು ಬಿಟ್ಟು ಸುಮಾ ಅವರ ಕೆನ್ನೆ ನೋಡಿದೆ. ಅದು ಕೋವಿಗೆ ಅಂಟಿಕೊಂಡಿತ್ತು. ಈಡು ಆಯಿತು. ಕೆನ್ನೆ ಅಲ್ಲೇ ಇತ್ತು.

ಹತ್ತು ಗಂಟೆ ಹನ್ನೆರಡು ನಿಮಿಷ. ಹಕ್ಕಿ ನಿಂತಲ್ಲೇ ಬಿದ್ದಿತ್ತು.

ಆಮೇಲೆ

ಸೇಫ್ಟಿ ಹಾಕಿ, ಹತ್ತಿರ ಹೋಗಿ ನೋಡಿ, ಮೊದಲು ಪರವಾನಗಿ ಚೀಟಿಯಲ್ಲಿ ತಿಂಗಳು, ತಾರೀಕು ಕತ್ತರಿಸಿ ಗುರುತು ಮಾಡಿದರು. ಅದೇ ದಿನ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನಿನಲ್ಲಿ ವರದಿಯೂ ಆಯಿತು. ಇದೆಲ್ಲ ಆಗುವವರೆಗೆ ಒಂದು ಮಾತಿಲ್ಲ. ಆಮೇಲೆ ನೆಲಕ್ಕೆ ಕೂತು ಎದೆಯ ಒಂದು ಗರಿಯನ್ನು ಬೆರಳ ತುದಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದರು. ನೆರಳಿನಲ್ಲಿ ಕಪ್ಪಾಗಿ ಕಂಡದ್ದು ತಾಮ್ರದ ಬಣ್ಣವಾಯಿತು, ಸ್ವಲ್ಪ ಓರೆ ಮಾಡಿದರೆ ಹಸಿರು, ಇನ್ನೂ ಓರೆ ಮಾಡಿದರೆ ಅಂಚಿನಲ್ಲಿ ಕೆಂಪು. "ಅಜ್ಜಿಯ ಹಳೇ ರೇಷ್ಮೆ ಸೀರೆ ಹೀಗೇ ಇತ್ತು" ಎಂದರು. ಕಣ್ಣು ತುಂಬಿತ್ತು. ನನ್ನದೂ.

ತೂಕ 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋ. ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆವು. ಹೆಗಲ ಮೇಲೆ ಹಾಗೇ ಹೊತ್ತು ನಡೆದರೆ ದೂರದಿಂದ ಜೀವಂತ ಹಕ್ಕಿಯಂತೆ ಕಾಣುವ ಅಪಾಯ ಇದೆ. ಬರುವಾಗ ಗೇಟು ಹಾಕಿದರು. ಎದೆಯ ಮಾಂಸ ಬೇಗ ಬೇಯುತ್ತದೆ, ತುಂಡು ಮಾಡಿ ಹುರಿದರು. ಕಾಲಿನಲ್ಲಿ ನರ ಜಾಸ್ತಿ. ಅದು ಕುಕ್ಕರಿನಲ್ಲಿ ಎಂಟು ಸೀಟಿ ಕೇಳಿತು. ಅವರಮ್ಮನ ಕೋಳಿಸಾರಿನ ಮಸಾಲೆಯೇ ಹಾಕಿದ್ದು. ರೈತರ ಮನೆಗೂ ಒಂದು ಡಬ್ಬಿ ಹೋಯಿತು.

ಈ ಪ್ರಕರಣದಲ್ಲಿ ನಾನು ಕಂಡದ್ದು

ಹೊಸಬರು ನನ್ನನ್ನು ಕೇಳುವುದು ಯಾವ ಕೋವಿ, ಯಾವ ಕೂಗು ಎಂದು. ಇಲ್ಲಿ ತಿರುವು ತಂದದ್ದು ಆ ಎರಡೂ ಅಲ್ಲ, ಕೋವಿ ಇಲ್ಲದೆ ಕಾರಿನಲ್ಲಿ ಕೂತ ಎರಡು ದಿನ. ನಾವು ಎದ್ದು ಹೋದ ಮೇಲೆ ಹಕ್ಕಿ ಏನು ಮಾಡುತ್ತದೆ ಎಂದು ನಾನು ಇಷ್ಟು ವರ್ಷದಲ್ಲಿ ಕೇಳಿಕೊಂಡಿರಲಿಲ್ಲ. ಅನುಭವ ಇದ್ದವರಿಗೆ ಬರುವ ತೊಂದರೆ ಇದು, ಹಿಂದೆ ಫಲ ಕೊಟ್ಟದ್ದನ್ನೇ ಇನ್ನಷ್ಟು ಜೋರಾಗಿ ಮಾಡುವುದು. ಹೇಳಿಕೊಡುವವರು ಒಂದು ಹಂತದ ನಂತರ ಹೊಸಬರ ಪುಸ್ತಕ ಓದಬೇಕು, ಅವರ ಬೆರಳು ಬೇಡ ಎಂದಾಗ ಕಡ್ಡಿ ಕೆಳಗಿಡಬೇಕು.

ಇನ್ನೊಂದು, ಹೊಡೆಯದೆ ಬಿಟ್ಟ ಗಳಿಗೆಗಳು. ಮೊದಲ ವರ್ಷದ ಆರು ಎಳೆ ಹುಂಜ, ಕೊನೆಯ ದಿನ 35 ಗಜದ ಕಡ್ಡಿಗಳು, ಬಾಲ ಬಿಚ್ಚಿದ ಭಂಗಿ. ಒಟ್ಟು ಮೂರು ಸಲ ಬೆರಳು ತಡೆದರು. ಅವಸರ ಮಾಡಿದ್ದು ಒಂದೇ ಸಲ, ಆ ಸಲ ತಪ್ಪಿತು.

ಮಿಸ್ಸೌರಿಯಲ್ಲಿ ಒಂದು ವಸಂತಕ್ಕೆ ಎರಡು ಹಕ್ಕಿಗೆ ಅವಕಾಶ ಇದೆ. ಇನ್ನೂ ಒಂದು ವಾರ ಉಳಿದಿತ್ತು. ಸುಮಾ ಹೋಗಲಿಲ್ಲ. ಈ ಶತಮಾನದ ಶುರುವಿನಿಂದ ಇಲ್ಲಿ ಟರ್ಕಿಗಳ ಸಂಖ್ಯೆ ಇಳಿದಿದೆ. ಹಲವು ವರ್ಷ ಮರಿಗಳು ಸಾಕಷ್ಟು ಉಳಿಯಲಿಲ್ಲ. ಇಲಾಖೆಯವರು ಜೂನ್‌ನಿಂದ ಆಗಸ್ಟ್‌ವರೆಗೆ ಹ್ಯಾಟೆ, ಮರಿಗಳ ಲೆಕ್ಕ ಕಳಿಸಲು ಜನರನ್ನು ಕೇಳುತ್ತಾರೆ. ಸುಮಾ ಅದಕ್ಕೆ ಸೇರಿಕೊಂಡರು. ಜುಲೈ ಮೂರನೆಯ ವಾರ, ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಅದೇ ಎತ್ತರದ ದಾರಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದರು. ಪಿಸುಮಾತಿನಲ್ಲೇ ಹೇಳಿದರು: "ಅಣ್ಣ, ಗೇಟಿನ ಹತ್ರ ಒಂದು ಹ್ಯಾಟೆ ಉಂಟು. ಮರಿ ನಾಲ್ಕು. ಇರಿ, ಇರಿ... ಹುಲ್ಲೊಳಗೆ ಇನ್ನೊಂದು. ಐದು."